ಅಂಚೆಯ ಚದುರಂಗ

ಚದುರಂಗವೆಂದ ಕೂಡಲೆ ಕಣ್ಣ ಮುಂದೆ ನಿಲ್ಲುವ ಚಿತ್ರ ಸಾಮಾನ್ಯವಾಗಿ ಒಂದೇ. ಅರವತ್ತನಾಲ್ಕು ಮನೆಗಳ ಮಣೆ. ಅದರ ಎರಡು ಬದಿಗಳಲ್ಲಿ ತಲೆ ತಗ್ಗಿಸಿ ಕುಳಿತ ಇಬ್ಬರು ಆಟಗಾರರು. ಪಕ್ಕದಲ್ಲಿ ಎರಡು ಮುಖಗಳ ಗಡಿಯಾರ. ಒಬ್ಬನು ಕಾಯಿಯನ್ನು ನಡೆಸಿ ಗುಂಡಿಯನ್ನು ಒತ್ತಿದೊಡನೆ ಅವನ ಗಡಿಯಾರ ನಿಲ್ಲುತ್ತದೆ, ಎದುರಾಳಿಯ ಗಡಿಯಾರ ಓಡತೊಡಗುತ್ತದೆ. ನಲವತ್ತು ನಡೆಗಳನ್ನು ಎರಡು ಗಂಟೆಗಳೊಳಗೆ ಮುಗಿಸಬೇಕೆಂಬ ನಿಯಮವಿದ್ದರೆ, ಒಂದೊಂದು ನಡೆಗೂ ಸರಾಸರಿ ಮೂರು ನಿಮಿಷ ಮಾತ್ರ ದೊರೆಯುತ್ತದೆ. ಕಾಲ ಮೀರಿತೆಂದರೆ, ಮಣೆಯ ಮೇಲೆ ಎಷ್ಟೇ ಬಲವಾದ ಸ್ಥಿತಿ ಇದ್ದರೂ ಆಟ ಕೈಬಿಟ್ಟಂತೆಯೆ.

ಆದರೆ ಇದೇ ಚದುರಂಗಕ್ಕೆ ಇನ್ನೊಂದು ಮುಖವುಂಟು. ಅಲ್ಲಿ ಆಟಗಾರರು ಎದುರುಬದುರಾಗಿ ಕುಳಿತುಕೊಳ್ಳುವುದಿಲ್ಲ. ಒಬ್ಬನು ಮಾಸ್ಕೋ ನಗರದಲ್ಲಿದ್ದರೆ ಇನ್ನೊಬ್ಬನು ವಾಷಿಂಗ್ಟನ್ನಿನಲ್ಲಿರಬಹುದು. ಒಬ್ಬರ ಮುಖವನ್ನು ಇನ್ನೊಬ್ಬರು ಜೀವಮಾನದಲ್ಲಿ ಒಮ್ಮೆಯೂ ನೋಡದಿರಬಹುದು. ಇಬ್ಬರ ಮನೆಯಲ್ಲಿಯೂ ಒಂದೊಂದು ಮಣೆ. ಎರಡರ ಮೇಲೂ ಒಂದೇ ಸ್ಥಿತಿಯಲ್ಲಿ ನಿಂತ ಕಾಯಿಗಳು. ಒಬ್ಬನು ತನ್ನ ನಡೆಯನ್ನು ನಿಶ್ಚಯಿಸಿ, ಒಂದು ಕಾರ್ಡಿನ ಮೇಲೆ ಬರೆದು ಅಂಚೆಯ ಪೆಟ್ಟಿಗೆಗೆ ಹಾಕುತ್ತಾನೆ. ಕೆಲವು ದಿನಗಳ ತರುವಾಯ ಅದು ಎದುರಾಳಿಯ ಕೈಸೇರುತ್ತದೆ. ಅವನು ತನ್ನ ಮಣೆಯ ಮೇಲೆ ಆ ನಡೆಯನ್ನು ಇಟ್ಟು, ಯೋಚಿಸಿ, ತನ್ನ ಉತ್ತರವನ್ನು ಬರೆದು ಕಳುಹಿಸುತ್ತಾನೆ. ಹೀಗೆ ಕಾರ್ಡುಗಳು ಹೋಗುತ್ತ ಬರುತ್ತ ಆಟ ಮುಂದುವರಿಯುತ್ತದೆ. ಇದೇ ಅಂಚೆಯ ಚದುರಂಗ. ಇಲ್ಲಿ ಕಾಲವನ್ನು ಅಳೆಯುವುದು ನಿಮಿಷಗಳಲ್ಲಲ್ಲ, ದಿನಗಳಲ್ಲಿ. ಒಂದು ಆಟ ಮುಗಿಯಲು ತಿಂಗಳುಗಳಷ್ಟೇ ಅಲ್ಲ, ಒಮ್ಮೊಮ್ಮೆ ವರ್ಷಗಳೇ ಬೇಕಾಗುತ್ತವೆ.

ಈ ಬಗೆಯ ಆಟದ ಚರಿತ್ರೆಯಲ್ಲಿ ಮೊದಲು ಹೆಸರಿಸಬೇಕಾದ ಪಂದ್ಯಗಳಲ್ಲೊಂದು, ಲಂಡನ್ ಮತ್ತು ಎಡಿನ್‌ಬರೊ ನಗರಗಳ ಚದುರಂಗ ಸಂಘಗಳ ನಡುವೆ ನಡೆದುದು. ಅದು 1824ರಲ್ಲಿ ಆರಂಭವಾಗಿ 1828ರಲ್ಲಿ ಮುಗಿಯಿತು. ಆಗ ರೈಲುಗಾಡಿಗಳಿನ್ನೂ ಆ ನಗರಗಳನ್ನು ಜೋಡಿಸಿರಲಿಲ್ಲ. ಕುದುರೆಗಳು ಎಳೆಯುವ ಅಂಚೆಯ ಬಂಡಿಗಳೇ ಕಾಗದಗಳನ್ನು ಹೊತ್ತು ಹಗಲಿರುಳು ಸಾಗುತ್ತಿದ್ದವು. ಲಂಡನ್ನು ದೊಡ್ಡ ರಾಜಧಾನಿ. ಅಲ್ಲಿಯ ಸಂಘದಲ್ಲಿ ಹೆಸರಾಂತ ಆಟಗಾರರಿದ್ದರು. ಎಡಿನ್‌ಬರೊ ಸಂಘವಾದರೋ 1822ರಲ್ಲಿ ಹುಟ್ಟಿದ್ದು. ಪಂದ್ಯಕ್ಕಿಳಿದಾಗ ಅದಕ್ಕೆ ಎರಡೇ ವರ್ಷದ ವಯಸ್ಸು. ಆದರೂ ಕೊನೆಯಲ್ಲಿ ಗೆದ್ದುದು ಎಡಿನ್‌ಬರೊ. ಈ ಪಂದ್ಯದಿಂದಲೇ ಚದುರಂಗದ ಒಂದು ಆರಂಭ ಕ್ರಮಕ್ಕೆ 'ಸ್ಕಾಚ್ ಆಟ' ಎಂಬ ಹೆಸರು ಬಂದು, ಇಂದಿಗೂ ಉಳಿದಿದೆ.

ಆ ಪಂದ್ಯದ ಒಂದು ಘಟನೆ ನೆನಪಿನಲ್ಲಿಡತಕ್ಕದ್ದು. ಎರಡನೆಯ ಆಟದಲ್ಲಿ ಲಂಡನ್ ಸಂಘದವರು ಒಂದು ನಡೆಯನ್ನು ಬರೆದು ಕಳುಹಿಸಿದರು. ಕಾಗದ ರವಾನೆಯಾದ ಬಳಿಕ ಅವರಿಗೆ ತಮ್ಮ ತಪ್ಪು ಹೊಳೆಯಿತು. ಆ ನಡೆಯನ್ನು ಹಿಂದಕ್ಕೆ ಪಡೆಯಲು ಅವಕಾಶವೀಯಬೇಕೆಂದು ಅವರು ಎಡಿನ್‌ಬರೊ ಸಂಘವನ್ನು ಕೇಳಿಕೊಂಡರು. ಎಡಿನ್‌ಬರೊ ಸಂಘ ಒಪ್ಪಲಿಲ್ಲ. ಮಣೆಯ ಮುಂದೆ ಕುಳಿತವನು ಕಾಯಿಯನ್ನು ನಡೆಸಿ ಕೈಬಿಟ್ಟ ಮೇಲೆ ಹೇಗೆ ಅದನ್ನು ಮರಳಿ ಎತ್ತುವಂತಿಲ್ಲವೋ, ಹಾಗೆಯೇ ಅಂಚೆಗೆ ಹಾಕಿದ ನಡೆಯನ್ನೂ ಹಿಂದಕ್ಕೆ ಪಡೆಯುವಂತಿಲ್ಲವೆಂಬುದು ಅವರ ನಿಲುವು. ಆ ಆಟದಲ್ಲಿ ಲಂಡನ್ ಸೋತಿತು. ಎಡಿನ್‌ಬರೊ ಸಂಘದವರದು ಕಠಿಣತನವೆಂದು ತೋರಬಹುದು. ಆದರೆ ಒಂದು ಸಲ ಸಡಿಲಿಸಿದ ನಿಯಮವನ್ನು ಮುಂದಿನ ಸಲ ಬಿಗಿಗೊಳಿಸುವುದು ಹೇಗೆ? ಬಾಯಿಂದ ಹೊರಟ ಮಾತಿನಂತೆ, ಅಂಚೆಗೆ ಬಿದ್ದ ನಡೆಯೂ ಮರಳಿ ಬಾರದು ಎಂಬ ತತ್ತ್ವವೇ ಮುಂದೆ ಈ ಆಟದ ಮೂಲ ನಿಯಮವಾಯಿತು.

ಇದಾದ ಕೆಲವು ವರ್ಷಗಳ ಮೇಲೆ, 1842ರಿಂದ 1846ರ ವರೆಗೆ, ಹಂಗೆರಿಯ ಪೆಸ್ಟ್ ನಗರವೂ ಫ್ರಾನ್ಸಿನ ಪ್ಯಾರಿಸ್ ನಗರವೂ ಹೀಗೆಯೇ ಸೆಣಸಿದವು. ಪೆಸ್ಟ್ ನಗರ ಎರಡು ಆಟಗಳನ್ನೂ ಗೆದ್ದುಕೊಂಡಿತು. ಆ ಕಾಲದಲ್ಲಿ ಅಂಚೆಯ ವೆಚ್ಚ ಹೆಚ್ಚಾಗಿದ್ದುದರಿಂದ ಈ ಆಟ ಬಹುಮಟ್ಟಿಗೆ ಸಂಘಗಳಿಗೂ ಅನುಕೂಲಸ್ಥರಿಗೂ ಸೀಮಿತವಾಗಿತ್ತು. ಅದನ್ನು ಜನಸಾಮಾನ್ಯರ ಬಳಿಗೆ ತಂದುದು ಅಂಚೆಯ ಕಾರ್ಡು. 1869ರಲ್ಲಿ ಆಸ್ಟ್ರಿಯಾ-ಹಂಗೆರಿಯಲ್ಲಿ ಮೊದಲ ಕಾರ್ಡು ಹೊರಬಂದಿತು. ಮರುವರ್ಷ ಬ್ರಿಟನ್ನಿನಲ್ಲಿ ಅದು ಬಳಕೆಗೆ ಬಂತು. ಭಾರತದಲ್ಲಿ 1879ರಲ್ಲಿ ಕಾಲು ಆಣೆಯ ಕಾರ್ಡು ಆರಂಭವಾಯಿತು. ಒಂದು ನಡೆಯನ್ನು ತಿಳಿಸಲು ಬೇಕಾದುದು ಒಂದೇ ಸಾಲು. ಅದಕ್ಕೆ ಲಕೋಟೆಯೇಕೆ, ಉದ್ದನೆಯ ಕಾಗದವೇಕೆ? ಅಗ್ಗದ ಆ ಚಿಕ್ಕ ರಟ್ಟಿನ ತುಂಡು ಚದುರಂಗಕ್ಕಾಗಿಯೇ ಹುಟ್ಟಿದಂತಿತ್ತು. ಗುಮಾಸ್ತರು, ಉಪಾಧ್ಯಾಯರು, ವೈದ್ಯರು, ಹಳ್ಳಿಗಳಲ್ಲಿ ಜೊತೆಗಾರರಿಲ್ಲದೆ ಕುಳಿತವರು, ಹಾಸಿಗೆ ಹಿಡಿದ ರೋಗಿಗಳು ಎಲ್ಲರೂ ಈ ಆಟದಲ್ಲಿ ತೊಡಗಲು ಸಾಧ್ಯವಾಯಿತು.

ಬೇರೆ ಬೇರೆ ದೇಶದವರು ಆಡುವಾಗ ಭಾಷೆಯ ತೊಡಕು ಬರುವುದು ಸಹಜ. ರಷ್ಯನ್ನನು ಕುದುರೆಗೆ ಒಂದು ಅಕ್ಷರ ಬರೆದರೆ ಜರ್ಮನನು ಇನ್ನೊಂದನ್ನು ಬರೆಯುತ್ತಾನೆ. ಈ ತೊಡಕನ್ನು ಅಂಕಿಗಳು ಪರಿಹರಿಸಿದವು. ಮಣೆಯ ಎಂಟು ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ 1ರಿಂದ 8ರ ವರೆಗೆ ಅಂಕಿಗಳು. ಬಿಳಿಯ ಕಾಯಿಗಳ ಕಡೆಯಿಂದ ಮೇಲಕ್ಕೆ ಎಂಟು ಅಡ್ಡಸಾಲುಗಳಿಗೂ ಹಾಗೆಯೇ. ಪ್ರತಿಯೊಂದು ಮನೆಗೂ ಹೀಗೆ ಎರಡು ಅಂಕಿಗಳ ಹೆಸರು ದೊರೆಯುತ್ತದೆ. ಕಾಯಿ ಹೊರಟ ಮನೆ, ಸೇರಿದ ಮನೆ ಇವೆರಡನ್ನೂ ಒಟ್ಟಿಗೆ ಬರೆದರೆ ನಾಲ್ಕು ಅಂಕಿಗಳಲ್ಲಿ ನಡೆ ಮುಗಿಯಿತು. ರಾಜನ ಮುಂದಿನ ಪದಾತಿ ಎರಡು ಮನೆ ಮುಂದೆ ಹೋದರೆ 5254. ಅದಕ್ಕೆ ಕಪ್ಪಿನವನು ಅದೇ ಬಗೆಯ ನಡೆಯಿಂದ ಉತ್ತರ ಕೊಟ್ಟರೆ 5755. ಬಿಳಿಯವನ ಬಲಗಡೆಯ ಕುದುರೆ ಹೊರಬಂದರೆ 7163. ಈ ಅಂಕಿಗಳನ್ನು ಓದಲು ಯಾವ ಭಾಷೆಯೂ ಬೇಡ. ಎರಡು ದೇಶಗಳವರು ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ವರ್ಷಗಟ್ಟಲೆ ಸಂವಾದ ನಡೆಸಬಹುದು.

ಇನ್ನು ಕಾಲದ ಪ್ರಶ್ನೆ. ಮಣೆಯ ಪಕ್ಕದ ಗಡಿಯಾರವನ್ನು ಅಂಚೆಯ ಮೂಲಕ ಕಳುಹಿಸಲಾಗುವುದಿಲ್ಲ. ಕಾಲದ ಮಿತಿಯೇ ಇಲ್ಲದಿದ್ದರೆ ಸೋಲುವವನು ಉತ್ತರವನ್ನೇ ಬರೆಯದೆ ಆಟವನ್ನು ಸಾಯಿಸಬಹುದು. ಆದುದರಿಂದ ದಿನಗಳ ಲೆಕ್ಕವೊಂದು ರೂಢಿಗೆ ಬಂತು. 1951ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಂಚೆ ಚದುರಂಗ ಒಕ್ಕೂಟದ ಪಂದ್ಯಾವಳಿಗಳಲ್ಲಿ ಕಾರ್ಡುಗಳ ಮೂಲಕ ನಡೆಯುವ ಆಟಕ್ಕೆ ಹತ್ತು ನಡೆಗಳಿಗೆ 30 ದಿನಗಳೆಂಬುದು ಬಳಕೆಯ ಮಿತಿ. ಈ ಮೂವತ್ತು ದಿನಗಳಲ್ಲಿ ಕಾರ್ಡು ದಾರಿಯಲ್ಲಿ ಕಳೆಯುವ ಕಾಲ ಸೇರುವುದಿಲ್ಲ. ಎದುರಾಳಿಯ ಕಾರ್ಡು ಕೈಸೇರಿದ ದಿನದಿಂದ ಉತ್ತರದ ಮೇಲೆ ಅಂಚೆಯ ಮುದ್ರೆ ಬೀಳುವ ದಿನದ ವರೆಗಿನ ಅವಧಿ ಮಾತ್ರ ಆಟಗಾರನ ಲೆಕ್ಕಕ್ಕೆ ಬರುತ್ತದೆ. ನಾಲ್ಕನೆಯ ತಾರೀಖು ಬಂದ ಕಾರ್ಡಿಗೆ ಆರನೆಯ ತಾರೀಖು ಉತ್ತರ ಹೊರಟರೆ ಎರಡು ದಿನ ಖರ್ಚಾದಂತೆ.

ಈ ಮಿತಿಯಲ್ಲಿ ಒಂದು ಜಾಣತನವಿದೆ. ಪ್ರತಿ ನಡೆಗೂ ಮೂರು ದಿನವೆಂದು ಕಟ್ಟುಹಾಕದೆ, ಹತ್ತು ನಡೆಗಳಿಗೆ ಒಟ್ಟಾಗಿ ಮೂವತ್ತು ದಿನಗಳನ್ನು ಕೊಟ್ಟು, ಅದನ್ನು ಹಂಚಿಕೊಳ್ಳುವ ಹೊಣೆಯನ್ನು ಆಟಗಾರನಿಗೇ ಬಿಟ್ಟಿದೆ. ಆರಂಭದ ನಡೆಗಳು ಎಲ್ಲರಿಗೂ ತಿಳಿದ ದಾರಿಯಲ್ಲಿ ಸಾಗುತ್ತವೆ. ಮೊದಲ ಐದು ನಡೆಗಳಿಗೆ ದಿನಕ್ಕೊಂದರಂತೆ ಐದೇ ದಿನ ಹಿಡಿದರೆ, ಮುಂದಿನ ಐದಕ್ಕೆ ಇಪ್ಪತ್ತೈದು ದಿನಗಳು ಉಳಿಯುತ್ತವೆ. ಹತ್ತು ನಡೆಗಳಿಗೆ 22 ದಿನ ಮಾತ್ರ ಬಳಸಿದವನಿಗೆ ಉಳಿದ 8 ದಿನಗಳು ಕಳೆದುಹೋಗುವುದಿಲ್ಲ; ಅವು ಮುಂದಿನ ಕಂತಿಗೆ ಸೇರಿ, ಅವನ ಕೈಯಲ್ಲಿ 38 ದಿನಗಳಾಗುತ್ತವೆ. ಮಿತವ್ಯಯ ಮಾಡಿದವನಿಗೆ ಕಷ್ಟಕಾಲದಲ್ಲಿ ಗಂಟು ಒದಗುವಂತೆ, ಆಟದ ಬಿಕ್ಕಟ್ಟಿನಲ್ಲಿ ಉಳಿತಾಯದ ದಿನಗಳು ಕೈಹಿಡಿಯುತ್ತವೆ. ಕಾಯಿಲೆ ಪ್ರಯಾಣಗಳಿಗೆಂದು ವರ್ಷಕ್ಕೆ 30 ದಿನಗಳ ರಜೆಯೂ ಉಂಟು. ಆದರೆ ಅದನ್ನು ಎದುರಾಳಿಗೂ ಪಂದ್ಯಾವಳಿಯ ನಿರ್ದೇಶಕನಿಗೂ ತಿಳಿಸಬೇಕು.

ಹೀಗೆ ನಡೆದ ಒಂದು ಆಟ ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಲೆಕ್ಕಹಾಕಬಹುದು. ಒಂದು ಕಾರ್ಡು ದೇಶದಿಂದ ದೇಶಕ್ಕೆ ಹೋಗಲು ಏಳು ದಿನವೆಂದು ಇಟ್ಟುಕೊಂಡರೆ, ಒಬ್ಬನ ಆಲೋಚನೆಗೆ ಮೂರು ದಿನ, ಪ್ರಯಾಣಕ್ಕೆ ಏಳು ದಿನ, ಎದುರಾಳಿಯ ಆಲೋಚನೆಗೆ ಮೂರು ದಿನ, ಮರಳಿ ಬರಲು ಏಳು ದಿನ. ಇಬ್ಬರೂ ಒಂದೊಂದು ನಡೆ ನಡೆಸುವಷ್ಟರಲ್ಲಿ ಇಪ್ಪತ್ತು ದಿನಗಳಾದವು. ನಲವತ್ತು ನಡೆಗಳ ಆಟಕ್ಕೆ 800 ದಿನಗಳು, ಅಂದರೆ ಎರಡು ವರ್ಷಗಳಿಗೂ ಮಿಗಿಲು. ಪ್ರಪಂಚದ ಮೊದಲ ಅಂಚೆ ಚದುರಂಗ ಪ್ರಶಸ್ತಿಯ ಅಂತಿಮ ಪಂದ್ಯಾವಳಿ 1950ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಅದನ್ನು ಗೆದ್ದವನು ಆಸ್ಟ್ರೇಲಿಯಾದ ಸೆಸಿಲ್ ಪರ್ಡಿ. ಯೂರೋಪಿನ ಚದುರಂಗದ ಕೇಂದ್ರಗಳಿಂದ ಸಾಗರಗಳಾಚೆ ಇದ್ದವನಿಗೆ, ಮನೆಯಲ್ಲಿಯೇ ಕುಳಿತು ಜಗತ್ತಿನ ಪ್ರಶಸ್ತಿಯನ್ನು ಗೆಲ್ಲುವ ದಾರಿಯನ್ನು ಅಂಚೆ ತೆರೆದುಕೊಟ್ಟಿತು.

ಕಾಲದ ಈ ನಿಧಾನಗತಿಯಿಂದ ವಿಚಿತ್ರಗಳೂ ನಡೆದಿವೆ. ತಂಡಗಳ ನಡುವಣ ಹತ್ತನೆಯ ಅಂಚೆ ಒಲಿಂಪಿಯಾಡಿನ ಅಂತಿಮ ಸ್ಪರ್ಧೆ 1987ರಲ್ಲಿ ಆರಂಭವಾಯಿತು. ಅದರಲ್ಲಿ ಪೂರ್ವ ಜರ್ಮನಿಯ ತಂಡವೂ ಇತ್ತು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದವು. ಪೂರ್ವ ಜರ್ಮನಿ ಎಂಬ ರಾಷ್ಟ್ರವೇ ಇಲ್ಲವಾಯಿತು. ಆದರೆ ಹೊರಟ ಕಾರ್ಡುಗಳು ನಿಲ್ಲಲಿಲ್ಲ. 1995ರಲ್ಲಿ ಸ್ಪರ್ಧೆ ಮುಗಿದಾಗ ಆ ತಂಡಕ್ಕೆ ಕಂಚಿನ ಪದಕ ದೊರೆಯಿತು. ರಾಷ್ಟ್ರ ಅಳಿದ ಐದು ವರ್ಷಗಳ ಮೇಲೆ ಅದರ ಹೆಸರಿನಲ್ಲಿ ಪದಕ ಬಂದಿತ್ತು!

ಅಂಚೆಯ ಚದುರಂಗದ ಕಾರ್ಡು ನೋಡಲು ಸರಳವಾದುದು. ಅದರ ಮೇಲೆ ಎದುರಾಳಿಯ ಹಿಂದಿನ ನಡೆ, ಅದಕ್ಕೆ ಕೊಟ್ಟ ಉತ್ತರ, ಕಾರ್ಡು ಬಂದು ಸೇರಿದ ದಿನ, ಉತ್ತರ ಹೊರಟ ದಿನ, ಈ ನಡೆಗೆ ಹಿಡಿದ ದಿನಗಳು, ಈ ವರೆಗಿನ ಮೊತ್ತ ಇಷ್ಟನ್ನೂ ಬರೆಯಬೇಕು. ಎದುರಾಳಿಯ ನಡೆಯನ್ನು ಮತ್ತೆ ಬರೆಯುವುದು ಅನಗತ್ಯವೆಂದು ತೋರಬಹುದು. ಆದರೆ ಇಬ್ಬರೂ ಒಂದೇ ಸ್ಥಿತಿಯನ್ನು ನೋಡುತ್ತಿದ್ದಾರೆಂಬುದಕ್ಕೆ ಅದೇ ಸಾಕ್ಷಿ. ಇದಕ್ಕಿಂತ ಮುಖ್ಯವಾದುದು ತಾರೀಖುಗಳ ಲೆಕ್ಕ. ಉತ್ತರ ಹೊರಟ ದಿನಕ್ಕೆ ಅಂಚೆಯ ಮುದ್ರೆಯ ಸಾಕ್ಷಿಯಿದೆ. ಕಾರ್ಡು ಮನೆಗೆ ಬಂದ ದಿನಕ್ಕಾದರೋ ಆಟಗಾರನ ಮಾತೇ ಬಹುಮಟ್ಟಿಗೆ ಆಧಾರ. ಸೋಮವಾರ ಬಂದ ಕಾರ್ಡನ್ನು ಗುರುವಾರ ಬಂತೆಂದು ಬರೆದರೆ ಮೂರು ದಿನಗಳನ್ನು ಕದಿಯಬಹುದು. ನೋಡುವವರು ಯಾರೂ ಇಲ್ಲ. ಹಾಗಿದ್ದೂ ದಶಕಗಳ ಕಾಲ ಸಾವಿರಾರು ಜನ ಈ ಆಟವನ್ನು ಆಡಿದರು. ಕಾಣದ ಮನುಷ್ಯನೊಬ್ಬ ಬರೆದ ತಾರೀಖನ್ನು ನಂಬುವುದೇ ಈ ಆಟದ ತಳಹದಿ.

ಕಾಲವನ್ನೂ ಅಂಚೆಯ ವೆಚ್ಚವನ್ನೂ ಉಳಿಸಲು ಒಂದು ಉಪಾಯವುಂಟು. 'ನೀವು ಹೀಗೆ ನಡೆಸಿದರೆ ನನ್ನ ಉತ್ತರ ಇದು. ಆ ಮೇಲೆ ನೀವು ಹೀಗೆ ನಡೆಸಿದರೆ ನನ್ನ ನಡೆ ಇದು' ಎಂದು ಮುಂಚೆಯೇ ಬರೆದು ಕಳುಹಿಸುವ ಪದ್ಧತಿ ಅದು. ಕಾಯಿಯನ್ನು ಹೊಡೆದಾಗ ಮರಳಿ ಹೊಡೆಯಲೇಬೇಕಾದಂತಹ ಸ್ಥಿತಿಯಲ್ಲಿ ಇದರಿಂದ ವಾರಗಳೇ ಉಳಿಯುತ್ತವೆ. ಆದರೆ ಎದುರಾಳಿ ಆ ದಾರಿಯನ್ನೇ ಹಿಡಿದರೆ, ಬರೆದವನು ತನ್ನ ಮಾತಿಗೆ ಬದ್ಧನು. ಅಷ್ಟರಲ್ಲಿ ಅದಕ್ಕಿಂತ ಉತ್ತಮವಾದ ನಡೆ ಹೊಳೆದರೂ ಬದಲಾಯಿಸುವಂತಿಲ್ಲ. ಆದುದರಿಂದ ಅನುಭವಿಗಳು ಇಂತಹ ನಡೆಗಳನ್ನು ಬರೆಯುವಾಗ ಎರಡು ಸಲ ಯೋಚಿಸುತ್ತಾರೆ.

ಆಟಗಾರರ ಸ್ವಭಾವಗಳು ಕಾರ್ಡುಗಳ ಗತಿಯಲ್ಲಿಯೇ ವ್ಯಕ್ತವಾಗುತ್ತವೆ. ಕೆಲವರು ಕಾರ್ಡು ಬಂದ ದಿನವೇ ಉತ್ತರ ಬರೆದು ಮುಗಿಸುವವರು. ಮೇಜಿನ ಮೇಲೆ ಕೆಲಸ ಉಳಿದಿದ್ದರೆ ಅವರಿಗೆ ನೆಮ್ಮದಿಯಿಲ್ಲ. ಇವರೊಡನೆ ಆಡುವುದು ಸಂತೋಷವೇ. ಆಟ ಬಳಲದೆ ಸಾಗುತ್ತದೆ. ಆದರೆ ದಿನಗಳ ದೊಡ್ಡ ಗಂಟನ್ನು ಕೈಯಲ್ಲಿಟ್ಟುಕೊಂಡೇ ಅವಸರದ ನಡೆಯಿಂದ ಸೋಲುವವರು ಇವರಲ್ಲಿಯೇ ಹೆಚ್ಚು. ಉಳಿಸಿದ ಕಾಲ ಬಳಸಿದರೆ ಮಾತ್ರ ಸಂಪತ್ತು; ಆಟ ಮುಗಿದ ಮೇಲೆ ಉಳಿದ ದಿನಗಳಿಗೆ ಅಂಕಗಳಿಲ್ಲ.

ಇನ್ನು ಕೆಲವರು ಪ್ರತಿಯೊಂದು ನಡೆಗೂ ಇರುವಷ್ಟು ಕಾಲವನ್ನೂ ತೆಗೆದುಕೊಳ್ಳುವವರು. ಎಲ್ಲರ ನಿಧಾನವೂ ಒಂದೇ ಬಗೆಯದಲ್ಲ. ಒಬ್ಬನು ನಿಜವಾಗಿಯೂ ಮಣೆಯ ಮುಂದೆ ಕುಳಿತು ಹಾಳೆಗಟ್ಟಲೆ ಬರೆದು ದಾರಿಗಳನ್ನು ಶೋಧಿಸುತ್ತಿರುತ್ತಾನೆ. ಇನ್ನೊಬ್ಬನು ಕಾರ್ಡನ್ನು ಪುಸ್ತಕದೊಳಗಿಟ್ಟು ಮರೆತು, ಗಡುವಿನ ಹಿಂದಿನ ರಾತ್ರಿ ತೆರೆದು ನೋಡುತ್ತಾನೆ. ಇಬ್ಬರೂ ಖರ್ಚುಮಾಡಿದ ದಿನಗಳು ಒಂದೇ. ಯೋಚಿಸಿದ ಗಂಟೆಗಳು ಒಂದೇ ಅಲ್ಲ. ಮೂರು ದಿನಗಳ ಅವಕಾಶವೆಂದರೆ ಮೂರು ದಿನಗಳ ಆಲೋಚನೆಯಲ್ಲ ಎಂಬುದನ್ನು ಅರಿತವನೇ ಕಾಲವನ್ನು ಸರಿಯಾಗಿ ಬಳಸಬಲ್ಲನು.

ಮೂರನೆಯ ವರ್ಗದವರು ಗೆಲ್ಲುವಾಗ ಚುರುಕು, ಸೋಲುವಾಗ ಮೌನಿಗಳು. ಆಟ ಚೆನ್ನಾಗಿರುವವರೆಗೆ ಕಾರ್ಡುಗಳು ತಪ್ಪದೆ ಬರುತ್ತವೆ. ಸ್ಥಿತಿ ಕೆಟ್ಟಿತೆಂದೊಡನೆ ಉತ್ತರಗಳು ತಡವಾಗತೊಡಗಿ, ಕೊನೆಗೆ ನಿಂತೇಹೋಗುತ್ತವೆ. ಸೋಲನ್ನು ಒಪ್ಪಿ ಒಂದು ಸಾಲು ಬರೆಯಲು ಅವರ ಕೈಬಾರದು. ಇದನ್ನು ಆಟಗಾರರು ವಿನೋದವಾಗಿ 'ಸತ್ತವನ ರಕ್ಷಣೆ' ಎಂದು ಕರೆಯುತ್ತಾರೆ. ಉತ್ತರ ಬರಬೇಕಾದ ಕಾಲ ಮೀರಿದಾಗ, ಕಾದವನು ತನ್ನ ನಡೆಯನ್ನು ಮತ್ತೊಮ್ಮೆ ಬರೆದು ಕಳುಹಿಸಬೇಕು. ಆಗಲೂ ಉತ್ತರವಿಲ್ಲದಿದ್ದರೆ ನಿರ್ದೇಶಕನಿಗೆ ದೂರು ಕೊಡಬೇಕು. ನಿಯಮದ ಪ್ರಕಾರ ಕೊನೆಗೆ ಅವನಿಗೆ ಗೆಲವು ದೊರೆಯುತ್ತದೆ. ಆದರೆ ಒಂದು ವರ್ಷ ಶ್ರಮಿಸಿ ಕಟ್ಟಿದ ಆಟ ಮುಗಿಯದೆ ಉಳಿಯಿತೆಂಬ ಬೇಸರ ಮಾತ್ರ ಉಳಿಯುತ್ತದೆ. ಸೋತವನು ಬರೆದ 'ನಾನು ಸೋಲನ್ನು ಒಪ್ಪಿದ್ದೇನೆ, ಆಟಕ್ಕಾಗಿ ವಂದನೆಗಳು' ಎಂಬ ಒಂದು ಕಾರ್ಡು ಗೆದ್ದವನಿಗೆ ಪದಕದಷ್ಟೇ ಬೆಲೆಯುಳ್ಳದ್ದು.

ದಿನಗಳು ಧಾರಾಳವಾಗಿದ್ದ ಮಾತ್ರಕ್ಕೆ ತಪ್ಪುಗಳು ನಡೆಯುವುದಿಲ್ಲವೆಂದಲ್ಲ. ಇಲ್ಲಿಯ ತಪ್ಪುಗಳ ಬಗೆ ಬೇರೆ. ಹತ್ತಾರು ಆಟಗಳನ್ನು ಒಟ್ಟಿಗೆ ಆಡುವವನು ಒಂದು ಆಟದ ಉತ್ತರವನ್ನು ಇನ್ನೊಂದರ ಕಾರ್ಡಿನಲ್ಲಿ ಬರೆದುಬಿಡಬಹುದು. ಮನಸ್ಸಿನಲ್ಲಿದ್ದ ಅಂಕಿ ಒಂದು, ಕೈ ಬರೆದುದು ಇನ್ನೊಂದು ಆಗಬಹುದು. ಬರೆದ ನಡೆ ಆಟದ ನಿಯಮಕ್ಕೆ ಒಳಪಟ್ಟಿದ್ದರೆ, ಅದು ಎಷ್ಟೇ ಅವಿವೇಕದ್ದಾಗಿದ್ದರೂ ನಿಲ್ಲುತ್ತದೆ. ಮಣೆಯ ಮೇಲೆ ಒಂದು ಪದಾತಿಯನ್ನು ತಪ್ಪಾದ ಮನೆಯಲ್ಲಿಟ್ಟುಕೊಂಡು, ಇಲ್ಲದ ಸ್ಥಿತಿಯನ್ನು ವಾರಗಟ್ಟಲೆ ಶೋಧಿಸಿದವರೂ ಉಂಟು. ಆದುದರಿಂದ ಎಚ್ಚರವುಳ್ಳ ಆಟಗಾರರು ಕೆಲವು ಅಭ್ಯಾಸಗಳನ್ನು ರೂಢಿಸಿಕೊಳ್ಳುತ್ತಾರೆ. ಪ್ರತಿಯೊಂದು ಆಟಕ್ಕೂ ಬೇರೆ ಹಾಳೆ. ಅದರಲ್ಲಿ ನಡೆಗಳು, ತಾರೀಖುಗಳು, ದಿನಗಳ ಮೊತ್ತ. ಕಾರ್ಡು ಬಂದಾಗಲೆಲ್ಲ ಸ್ಥಿತಿಯನ್ನು ಮೊದಲಿನಿಂದ ಜೋಡಿಸಿ ನೋಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಬರೆದ ಕಾರ್ಡನ್ನು ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು, ಬೆಳಗ್ಗೆ ಹೊಸ ಕಣ್ಣಿನಿಂದ ಮತ್ತೊಮ್ಮೆ ನೋಡಿ, ಆ ಬಳಿಕ ಅಂಚೆಗೆ ಹಾಕುವುದು. ಒಂದು ದಿನದ ವೆಚ್ಚದಿಂದ ಒಂದು ವರ್ಷದ ಶ್ರಮ ಉಳಿಯುತ್ತದೆ.

ಮನೆಯಲ್ಲಿ ಕುಳಿತು ಆಡುವವನು ಯಾರ ಸಹಾಯವನ್ನು ಪಡೆಯಬಹುದೆಂಬುದೂ ಒಂದು ಪ್ರಶ್ನೆ. ಪುಸ್ತಕಗಳನ್ನೂ ಪತ್ರಿಕೆಗಳನ್ನೂ ನೋಡಲು, ಕಾಯಿಗಳನ್ನು ನಡೆಸಿ ಪರೀಕ್ಷಿಸಲು ಅಂಚೆಯ ಆಟದಲ್ಲಿ ಅಡ್ಡಿಯಿರಲಿಲ್ಲ. ಆದರೆ ಇನ್ನೊಬ್ಬ ಆಟಗಾರನನ್ನು ಕೇಳಿ ಅವನ ನಡೆಯನ್ನು ತನ್ನದೆಂದು ಬರೆಯುವುದು ನಿಷಿದ್ಧ. ಈ ನಿಯಮಕ್ಕೂ ಕಾವಲುಗಾರನಿಲ್ಲ. ಆಟಗಾರನ ಮನಸ್ಸೇ ಕಾವಲು. ಒಬ್ಬನೇ ಕುಳಿತು ಓದಿ, ಒಬ್ಬನೇ ಯೋಚಿಸಿ, ತನ್ನ ತಪ್ಪನ್ನು ತಾನೇ ಹುಡುಕುವವನಿಗೆ ಈ ಆಟ ಒಂದು ಪಾಠಶಾಲೆಯೇ ಆಯಿತು.

ಇದಕ್ಕೆ ಎಸ್ಟೋನಿಯಾದ ಪಾಲ್ ಕೆರೆಸನ ಬಾಲ್ಯವೇ ನಿದರ್ಶನ. ಅವನು ಹುಟ್ಟಿದುದು 1916ರಲ್ಲಿ. ಬೆಳೆದುದು ಪರ್ನು ಎಂಬ ಚಿಕ್ಕ ಊರಿನಲ್ಲಿ. ಅಣ್ಣನೊಡನೆ ಚದುರಂಗ ಕಲಿತ ಹುಡುಗನಿಗೆ ಪುಸ್ತಕಗಳು ದುರ್ಲಭವಾಗಿದ್ದವು. ಪತ್ರಿಕೆಗಳಲ್ಲಿ ಕಂಡ ಆಟಗಳನ್ನು ಕೈಯಿಂದ ನಕಲು ಮಾಡಿ, ಸುಮಾರು ಒಂದು ಸಾವಿರ ಆಟಗಳನ್ನು ಅವನು ಸಂಗ್ರಹಿಸಿದನು. ಊರಿನಲ್ಲಿ ಸರಿಸಮಾನ ಎದುರಾಳಿಗಳು ಇಲ್ಲದಾಗ ಅಂಚೆಯ ಆಟಕ್ಕೆ ಕೈಹಾಕಿದನು. ಒಂದು ಕಾಲಕ್ಕೆ ಅವನು ಒಟ್ಟಿಗೆ 150 ಆಟಗಳ ವರೆಗೆ ಆಡುತ್ತಿದ್ದನಂತೆ. ದಿನವೂ ಅಂಚೆಯವನು ತರುತ್ತಿದ್ದ ಕಾರ್ಡುಗಳೇ ಅವನ ಗುರುಗಳು. ಅಲ್ಲಿ ಹೊಸ ದಾರಿಗಳನ್ನು ಪ್ರಯೋಗಿಸಿ, ಗೆದ್ದು, ಸೋತು ಕಲಿತ ಯುವಕ 1938ರಲ್ಲಿ ಹಾಲೆಂಡಿನಲ್ಲಿ ನಡೆದ ಪ್ರಸಿದ್ಧ ಪಂದ್ಯಾವಳಿಯಲ್ಲಿ ಜಗತ್ತಿನ ಶ್ರೇಷ್ಠ ಆಟಗಾರರ ನಡುವೆ ಮೊದಲ ಸ್ಥಾನವನ್ನು ಹಂಚಿಕೊಂಡನು. 1975ರಲ್ಲಿ ಅವನು ತೀರಿಕೊಂಡನು. ಮುಂದೆ ಸ್ವತಂತ್ರ ಎಸ್ಟೋನಿಯಾ ತನ್ನ ಐದು ಕ್ರೂನ್ ನೋಟಿನ ಮೇಲೆ ಅವನ ಚಿತ್ರವನ್ನು ಮುದ್ರಿಸಿ ಗೌರವಿಸಿತು.

ಅಮೆರಿಕದ ಹಾನ್ಸ್ ಬರ್ಲಿನರನ ಕಥೆಯೂ ಸ್ವಾರಸ್ಯವಾದುದು. 1929ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನಾಜಿಗಳ ಕಾಟದಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ ಕುಟುಂಬ ಅವನದು. 1965ರಲ್ಲಿ ಆರಂಭವಾಗಿ 1968ರಲ್ಲಿ ಮುಗಿದ ಐದನೆಯ ಪ್ರಪಂಚ ಪ್ರಶಸ್ತಿಯ ಸ್ಪರ್ಧೆಯಲ್ಲಿ ಅವನು ಹದಿನಾರು ಆಟಗಳನ್ನಾಡಿ, ಹನ್ನೆರಡನ್ನು ಗೆದ್ದು, ನಾಲ್ಕನ್ನು ಸಮಮಾಡಿಕೊಂಡು, ಒಂದನ್ನೂ ಸೋಲದೆ ಮೊದಲಿಗನಾದನು. ಆಟವೊಂದಕ್ಕೆ ನಲವತ್ತು ನಡೆಗಳೆಂದರೂ 640 ಉತ್ತರಗಳು. ಮೂರು ವರ್ಷ ಎರಡು ದಿನಕ್ಕೊಂದಕ್ಕಿಂತಲೂ ಹೆಚ್ಚಾಗಿ ತೂಗಿನೋಡಿದ ನಿರ್ಣಯಗಳನ್ನು ಬರೆದು ಕಳುಹಿಸುವ ಶಿಸ್ತು ಎಂತಹುದಿರಬೇಕು! ಮುಂದೆ ಅವನು ಗಣಕಯಂತ್ರಗಳ ವಿಜ್ಞಾನಿಯಾಗಿ, ಯಂತ್ರಕ್ಕೆ ಚದುರಂಗವನ್ನು ಕಲಿಸುವ ಕಾರ್ಯದಲ್ಲಿ ತೊಡಗಿದನು. ಸ್ತ್ರೀಯರಲ್ಲಿ ಸೋವಿಯತ್ ದೇಶದ ಓಲ್ಗಾ ರುಬ್ಟ್ಸೋವಾ 1956ರಲ್ಲಿ ಎದುರುಬದುರು ಆಟದ ಪ್ರಪಂಚ ಪ್ರಶಸ್ತಿಯನ್ನು ಪಡೆದವಳು. ತರುವಾಯ ಸ್ತ್ರೀಯರ ಮೊದಲ ಅಂಚೆ ಚದುರಂಗ ಪ್ರಶಸ್ತಿಯನ್ನೂ ಗೆದ್ದಳು.

ಈ ಶಾಂತವಾದ ಆಟವೂ ಯುದ್ಧದ ಬಿಸಿಯಿಂದ ಪಾರಾಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದಗಳನ್ನು ಪರೀಕ್ಷಿಸುವ ಅಧಿಕಾರಿಗಳಿಗೆ ಅಂಕಿ ಅಕ್ಷರಗಳು ತುಂಬಿದ ಕಾರ್ಡುಗಳು ಗೂಢಚಾರರ ಸಂಕೇತಗಳಂತೆ ಕಂಡವು. ಅಮೆರಿಕ ವಿದೇಶಗಳೊಡನೆ ಅಂಚೆಯ ಮೂಲಕ ಚದುರಂಗವಾಡುವುದನ್ನು ನಿಷೇಧಿಸಿತು. ಎಷ್ಟೋ ಆಟಗಳು ಅರ್ಧಕ್ಕೆ ನಿಂತವು. ಯುದ್ಧ ಮುಗಿದ ಮೇಲೆ ಮತ್ತೆ ಕಾರ್ಡುಗಳು ಗಡಿಗಳನ್ನು ದಾಟತೊಡಗಿದವು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಡಿನ ಸ್ಥಾನಕ್ಕೆ ಮಿಂಚಂಚೆ ಬಂತು. 2004ರಿಂದ ಅಂತರರಾಷ್ಟ್ರೀಯ ಒಕ್ಕೂಟದ ಆಟಗಳು ಗಣಕಯಂತ್ರಗಳ ಜಾಲದ ಮೂಲಕ ನಡೆಯತೊಡಗಿದವು. ಅಲ್ಲಿ ನಡೆ ಕ್ಷಣದಲ್ಲಿ ಎದುರಾಳಿಯನ್ನು ಮುಟ್ಟುತ್ತದೆ; ದಿನಗಳ ಲೆಕ್ಕವನ್ನು ಯಂತ್ರವೇ ಇಡುತ್ತದೆ. ಹೀಗಾದಾಗ ಕಾಲದ ಮಿತಿ ಕಡಮೆಯಾಗಬೇಕಾಗಿತ್ತಲ್ಲವೆ? ಆದುದು ಅದಕ್ಕೆ ವಿರುದ್ಧ. ಮಿಂಚಂಚೆಯ ಆಟಕ್ಕೆ ಹತ್ತು ನಡೆಗಳಿಗೆ 60 ದಿನಗಳನ್ನೂ, ಜಾಲದ ಆಟದಲ್ಲಿ ಹಲವು ಪಂದ್ಯಾವಳಿಗಳಿಗೆ 50 ದಿನಗಳನ್ನೂ ಗೊತ್ತುಮಾಡಿದರು. ಇದಕ್ಕೆ ಕಾರಣ ಸ್ಪಷ್ಟ. ಕಾರ್ಡು ದಾರಿಯಲ್ಲಿದ್ದ ದಿನಗಳಲ್ಲಿಯೂ ಆಟಗಾರನು ಮುಂದಿನ ಸಾಧ್ಯತೆಗಳನ್ನು ಯೋಚಿಸುತ್ತಿದ್ದನು. ಆ ದಿನಗಳು ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಅಂಚೆಯವನು ನಡೆಯುತ್ತಿದ್ದಷ್ಟು ಹೊತ್ತು ಆಟಗಾರನಿಗೆ ವಿಶ್ರಾಂತಿಯೂ ವಿವೇಚನೆಯೂ ದೊರೆಯುತ್ತಿದ್ದವು. ಆ ಬಿಡುವು ಇಲ್ಲವಾದಾಗ, ಅದನ್ನು ನಿಯಮದ ಮೂಲಕ ಮರಳಿ ಕೊಡಬೇಕಾಯಿತು. ವೇಗವು ಕಾಗದಕ್ಕೆ ಬಂದಿತೇ ಹೊರತು ಮನುಷ್ಯನ ಆಲೋಚನೆಗೆ ಬರಲಿಲ್ಲ.

ಯಂತ್ರಗಳು ಇನ್ನೊಂದು ಬದಲಾವಣೆಯನ್ನೂ ತಂದವು. ಚದುರಂಗವಾಡುವ ಯಂತ್ರಗಳು ಮನುಷ್ಯನನ್ನು ಮೀರಿಸಿದ ಮೇಲೆ, ಅಂತರರಾಷ್ಟ್ರೀಯ ಒಕ್ಕೂಟ ಅವುಗಳ ಸಹಾಯಕ್ಕೆ ಅನುಮತಿಯಿತ್ತಿದೆ. ಬೇರೆ ಕೆಲವು ಸಂಸ್ಥೆಗಳು ಅದನ್ನು ನಿಷೇಧಿಸಿವೆ. ಯಂತ್ರದ ನೆರವಿರುವ ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಬಹುಪಾಲು ಆಟಗಳು ಸಮವಾಗಿಯೇ ಮುಗಿಯುತ್ತವೆ. ನಿಷೇಧವಿರುವ ಕಡೆ ಹಳೆಯ ಪ್ರಶ್ನೆಯೇ ಹೊಸ ವೇಷದಲ್ಲಿ ನಿಲ್ಲುತ್ತದೆ: ಯಾರೂ ನೋಡದಿರುವಾಗ ನಿಯಮವನ್ನು ಪಾಲಿಸುವವರು ಯಾರು?

ಅಂಚೆಯ ಚದುರಂಗದ ಹಿರಿಮೆ ಈ ಪ್ರಶ್ನೆಯಲ್ಲಿಯೇ ಅಡಗಿದೆ. ಎದುರಿನಲ್ಲಿ ತೀರ್ಪುಗಾರನಿರುವಾಗ ನ್ಯಾಯವಾಗಿ ಆಡುವುದು ಕಷ್ಟವಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ತಾನೂ ತನ್ನ ಮಣೆಯೂ ಮಾತ್ರ ಇರುವಾಗ, ಬಂದ ದಿನವನ್ನು ಬಂದ ದಿನವೆಂದೇ ಬರೆಯುವುದು, ಬರೆದ ನಡೆಗೆ ತಲೆಬಾಗುವುದು, ಸೋತಾಗ ಸೋತೆನೆಂದು ಕಾರ್ಡು ಹಾಕುವುದು ಇವೇ ನಿಜವಾದ ಪರೀಕ್ಷೆಗಳು. ಸಾವಿರಾರು ಮೈಲಿ ದೂರದಲ್ಲಿ ಒಬ್ಬನು ಅಂಚೆಯವನ ಬರವನ್ನು ಕಾಯುತ್ತಿರುತ್ತಾನೆ. ಅವನಿಗೆ ತಲಪುವುದು ನಾಲ್ಕು ಅಂಕಿಗಳು, ಎರಡು ತಾರೀಖುಗಳು, ಒಂದು ರುಜು. ಅಷ್ಟರಿಂದಲೇ ಅವನು ಕಾಣದ ಎದುರಾಳಿಯ ಬುದ್ಧಿಯನ್ನೂ ನಡತೆಯನ್ನೂ ಅಳೆಯುತ್ತಾನೆ.